ಕೆಂಪರಾಜು ಕೂತಿದ್ದ ಕಾದಂಬರಿ

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಈ ವಾಕಿಂಗ್ ಗ್ರೂಪಿನಲ್ಲಿ ನಿನ್ನೆ ಯಾರೋ ಬರೆದಿದ್ದೀರಿ, "ಗುರುಶಾಂತಪ್ಪ ಅಂಕಲ್‌ಗೆ ವಯಸ್ಸಾಯ್ತು, ಅವರು ಹೇಳೋ ಪುಸ್ತಕದ ಕಥೆ ಅರ್ಧ ಕಲಸುಮೇಲೋಗರ" ಎಂದು. ಯಾರೋ ಅಂತ ಯಾಕೆ ಹೇಳಲಿ, ಜಯರಾಮನೇ ಬರೆದದ್ದು. ಹೆಸರು ಮೇಲೇ ಇದೆ. ಕೆಳಗೆ ಹತ್ತು ಜನ ಹಲ್ಲು ಕಿರಿಯುವ ಮುಖ ಬೇರೆ ಅಂಟಿಸಿದ್ದೀರಿ. ಅಯ್ಯಾ ಜಯರಾಮ, ನಾನು ಮೂವತ್ತೈದು ವರ್ಷ ತುಮಕೂರಿನಲ್ಲಿ ಮನೆಮನೆಗೆ ಹೋಗಿ ಕರೆಂಟು ಮೀಟರು ಓದಿದವನು. ಇವತ್ತಿಗೂ ನಾಲ್ಕು ಬೀದಿಯ ಆರ್.ಆರ್. ನಂಬರು ನನಗೆ ಬಾಯಿಪಾಠ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ, ಅದೂ ನೆನಪಿದೆ. ನಿನಗೆ ನಿನ್ನ ಹೆಂಡತಿಯ ಫೋನ್ ನಂಬರು ಬಾಯಿಗೆ ಬರುತ್ತದೇನು? ಬರುವುದಿಲ್ಲ. ಫೋನು ನೋಡಿ ಹೇಳುತ್ತೀಯ. ಹಾಗಿದ್ದ ಮೇಲೆ ಬಾಯಿ ಮುಚ್ಚಿಕೊಂಡು ಕೇಳು.

ಗ್ರೂಪಿಗೆ ಹೊಸಬರು ಸೇರಿದ್ದಾರೆ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಕೆಂಪರಾಜು ಮದ್ದೂರಿನ ಕಡೆಯವನು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೂತು ರಿಟೈರಾದವನು. ಈ ಅಮೆರಿಕದಲ್ಲಿ ಮಗಳು ಹರ್ಷಿತಾಳ ಆಫೀಸು ಪ್ಲೆಸೆಂಟನ್ನಿನಲ್ಲಿ, ಮನೆ ಇಲ್ಲೇ ನೆವಾರ್ಕಿನಲ್ಲಿ. ಅವನೂ ಅವನ ಹೆಂಡತಿ ದೊಡ್ಡತಾಯಮ್ಮನೂ ಮಗಳ ಜೊತೆಗಿದ್ದಾರೆ. ಬೆಳಿಗ್ಗೆ ಏಳಕ್ಕೆ ನಾನೂ ಅವನೂ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ, ಕೊಳದ ಎದುರಿನ ಬೆಂಚಿಗೆ ಬರುತ್ತೇವೆ. ಆ ಬೆಂಚು ಕಬ್ಬಿಣದ್ದು. ಆ ಹೊತ್ತಿಗೆ ಅದರ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಕೂತು ಎದ್ದರೆ ಪ್ಯಾಂಟಿನ ಹಿಂಭಾಗ ನೋಡಿ ಡೇಕೇರಿನ ಮಕ್ಕಳೂ ನಗುತ್ತವೆ. ನಾನು ನಿಂತೇ ಇರುತ್ತಿದ್ದೆ. ಕೆಂಪರಾಜು ಉಪಾಯಗಾರ. ಲೈಬ್ರರಿಗೆ ಹೋದ, ಕಪಾಟಿನಿಂದ ಒಂದೊಂದೇ ಪುಸ್ತಕ ಎತ್ತಿ ಅಂಗೈಯಲ್ಲಿ ಆಡಿಸಿ ನೋಡಿದ.

"ಇದು ಆರ್ನೂರ್ ಗ್ರಾಮು, ಹಗುರ. ಇದು ಮೆತ್ತಗದೆ. ಹಾಂ, ಇದು ನೋಡಿ ಗುರುಶಾಂತಪ್ಪ್ನೋರೆ, ಒಂದು ಕೆ.ಜಿ. ಇನ್ನೂರು. ರಟ್ಟು ಗಟ್ಟಿ, ಮ್ಯಾಗೆ ಪ್ಲಾಸ್ಟಿಕ್ಕು. ನೀರು ಇಳಿಯಕ್ಕಿಲ್ಲ."

ನೀಲಿ ರಟ್ಟಿನ ಇಂಗ್ಲಿಷ್ ಕಾದಂಬರಿ. ಹೆಸರೇನು ಅಂತ ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಯಾರೂ ಕೇಳದ ಪುಸ್ತಕವಾದ್ದರಿಂದ ಮತ್ತೆ ಮತ್ತೆ ಅವನ ಹೆಸರಿಗೇ ಬರೆಸಿಕೊಂಡು ಆರು ತಿಂಗಳು ಅದರ ಮೇಲೆ ಕೂತ. ನಾನು? ನಾನೂ ಅಂಚಿನಲ್ಲಿ ಒಂದೆರಡು ಸಲ ಕೂತಿರಬಹುದು. ಅದು ಈ ಕಥೆಗೆ ಸಂಬಂಧವಿಲ್ಲ.

ಆದರೆ ನಾವೆಲ್ಲ ಬೆಳೆದ ರೀತಿ ನಿಮಗೆ ಗೊತ್ತಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು, ಇಲ್ಲದಿದ್ದರೆ ಸರಸ್ವತಿ ಮುನಿದು ವಿದ್ಯೆ ಹತ್ತುವುದಿಲ್ಲ. ಕಾಲು ತಾಗಿದರೇ ಇಷ್ಟು, ಇವನು ಕೂರುತ್ತಿದ್ದ! ಅದಕ್ಕೇ ಅವನು ದಿನಾ ಎದ್ದ ಕೂಡಲೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಎರಡೂ ಕಣ್ಣಿಗೆ ಮೂರು ಮೂರು ಸಲ ಒತ್ತಿಕೊಂಡು, "ತಪ್ಪಾಯ್ತು ತಾಯಿ" ಅಂತ ಗೊಣಗುತ್ತಿದ್ದ. ಮರುದಿನ ಮತ್ತೆ ಕೂರುತ್ತಿದ್ದ.

ಒಂದು ದಿನ ಇದನ್ನು ದಾವೂದ್ ಸಾಹೇಬರು ನೋಡಿಬಿಟ್ಟರು. ಮೈಸೂರಿನಲ್ಲಿ ಹೈಸ್ಕೂಲು ಹೆಡ್‌ಮಾಸ್ಟರಾಗಿದ್ದವರು, ನಿಜವಾಗಿ ಓದುವ ಮನುಷ್ಯ. ಅವರು ಕಂಡದ್ದು ಇಷ್ಟೇ: ಬೆಂಚಿನಿಂದ ಎದ್ದ ಒಬ್ಬ ಹಿರಿಯರು ದಪ್ಪ ಕಾದಂಬರಿಯನ್ನು ಕಣ್ಣಿಗೊತ್ತಿಕೊಂಡು ಏನೋ ಪಿಸುಗುಟ್ಟುತ್ತಿದ್ದಾರೆ.

"ಕೆಂಪರಾಜಣ್ಣ," ಅಂದರು. "ಮೂವತ್ತು ವರ್ಷ ಮೇಷ್ಟ್ರಾಗಿದ್ದೆ. ಓದಿ ಮುಗಿಸಿ ಹಿಂಗೆ ಕಣ್ಣಿಗೊತ್ಕೊಳ್ಳೋರನ್ನ ಒಬ್ಬರನ್ನೂ ನೋಡ್ಲಿಲ್ಲ ನಾನು."

"ಏನೋ ಸಾಹೇಬ್ರೆ, ಅಭ್ಯಾಸ."

"ಎಷ್ಟನೇ ಸಲ ಓದ್ತಿರೋದು?"

ಇಲ್ಲಿ ಕೆಂಪರಾಜು ನಿಜ ಹೇಳಬಹುದಿತ್ತು. ನಾನು ಪಕ್ಕದಲ್ಲೇ ಇದ್ದೆ, ಕೆಮ್ಮಿದೆ ಕೂಡ. ಅವನು ಕೊಳದ ಕಡೆ ನೋಡುತ್ತಾ, "ಮೂರ್ನೇ ಸಲ" ಅಂದ.

ಅದು ಸೋಮವಾರ. ಬುಧವಾರದ ಹೊತ್ತಿಗೆ ಇಂಡಿಯನ್ ಗ್ರೋಸರಿಯಲ್ಲಿ ಕರಿಬೇವು ಆರಿಸುತ್ತಿದ್ದವರೆಲ್ಲ ಅವನಿಗೆ ಕೈ ಮುಗಿಯತೊಡಗಿದರು. ಶುಕ್ರವಾರ ಕನ್ನಡ ಸಂಘದ ಅಧ್ಯಕ್ಷೆ ಮಾಧುರಿ ಅವನ ಮನೆಗೇ ಬಂದಳು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಮಾಧುರಿಯ ಅಕ್ಕ ಇರುವುದು ಕೆನಡಾದಲ್ಲಿ. ಅಕ್ಕನ ಊರಿನಲ್ಲಿ ಏನಿದ್ದರೂ ಅದು ಇಲ್ಲೂ ಇರಬೇಕು ಎಂಬುದು ಮಾಧುರಿಯ ಛಲ.

"ಅಂಕಲ್, ಅಲ್ಲಿ ವರ್ಷಕ್ಕೊಂದ್ಸಲ ರೇಡಿಯೋದಲ್ಲಿ ಪುಸ್ತಕದ ಡಿಬೇಟು. ಹಾಡೋರು, ಆಡೋರು, ನಟರು, ಎಲ್ಲಾ ಫೇಮಸ್ಸು ಜನ. ಒಬ್ಬೊಬ್ರೂ ಒಂದೊಂದು ಕೆನಡಾ ಕಾದಂಬರಿ ಹಿಡ್ಕೊಂಡು ಅದರ ಪರ ವಾದ ಮಾಡ್ತಾರೆ. ದಿನಕ್ಕೊಂದು ಪುಸ್ತಕ ಔಟು. ಕೊನೇಲಿ ಉಳಿದದ್ದನ್ನ ಇಡೀ ದೇಶ ಓದುತ್ತೆ. ನಾವೂ ದಸರಾಗೆ ಮಾಡ್ತಿದ್ದೀವಿ."

"ಕನ್ನಡ ಸಂಘದಲ್ಲಿ ಕೆನಡಾ ಪುಸ್ತಕ ಯಾಕಮ್ಮಾ?" ಅಂತ ನಾನು ಕೇಳಿದೆ.

"ಕನ್ನಡ ಪುಸ್ತಕ ಇಟ್ರೆ ಒಬ್ರು ಮಂಡ್ಯದ ಲೇಖಕರು ಅಂತಾರೆ, ಒಬ್ರು ಹಾಸನದವರು ಅಂತಾರೆ. ಹೋದ ಸಲ ಕವಿಗೋಷ್ಠಿಯಾದ ಮೇಲೆ ಸಂಘ ಎರಡಾಯ್ತಲ್ಲ ಅಂಕಲ್, ಮರೆತ್ರಾ? ಕೆನಡಾದವರು ನಮ್ಮಲ್ಲಿ ಯಾರ ಕಡೆಯವರೂ ಅಲ್ಲ."

ಅವಳ ಮಾತಿನಲ್ಲಿ ವಿವೇಕವಿತ್ತು. ಅಷ್ಟರಲ್ಲಿ ಅವಳು ಟೀಪಾಯಿಯ ಮೇಲಿದ್ದ ನೀಲಿ ಪುಸ್ತಕವನ್ನು ತಿರುಗಿಸಿ ಹಿಂದಿನ ರಟ್ಟು ಓದಿ ಕಿರುಚಿದಳು. "ಅಯ್ಯೋ! ಇದನ್ನ ಬರೆದೋರು ಕೆನಡಾದವರೇ! ಅಂಕಲ್, ನೀವು ಮೂರ್ಸಲ ಓದಿದ್ದೀರಂತೆ!"

ಹೀಗೆ ಮೂವರು ವಾದಿಗಳಾದರು. ಒಬ್ಬರು ದಾವೂದ್ ಸಾಹೇಬರು. ಇನ್ನೊಬ್ಬ ಇದೇ ಜಯರಾಮ; ಮನೆ ಮಾರಿಸುವ ಏಜೆಂಟು, ಗ್ರೋಸರಿಯ ಕ್ಯಾಲೆಂಡರಿನಲ್ಲಿ ದೇವರ ಕೆಳಗೆ ಇವನ ಫೋಟೋ ಇರುವುದರಿಂದ ನಮ್ಮಲ್ಲಿ ಫೇಮಸ್ಸು. ಮೂರನೆಯವನು ಕೆಂಪರಾಜು.

ಮಾಧುರಿ ಹೋದ ಮೇಲೆ ನಾನು ಹೇಳಿದೆ, "ಹೋಗಿ ನಿಜ ಹೇಳಿಬಿಡಯ್ಯ." ಅವನು ಅಡಿಗೆಮನೆಯ ಕಡೆ ಕೈ ತೋರಿಸಿದ. ಒಳಗೆ ದೊಡ್ಡತಾಯಮ್ಮ ಮದ್ದೂರಿನ ತಂಗಿಗೆ ವಿಡಿಯೋ ಕಾಲಿನಲ್ಲಿ ಹೇಳುತ್ತಿದ್ದಳು: "ಊಂ ಕನವ್ವ, ನಿಮ್ ಬಾವನೇ! ಇಂಗ್ಲೀಸ್ ಪುಸ್ತಕ, ಇಟ್ಟಿಗೆಯಂಗದೆ, ಮೂರ್ ಸತಿ! ನಲವತ್ತಾರು ವರ್ಸ್‌ದಲ್ಲಿ ನಿಮ್ ಬಾವನ ಬಗ್ಗೆ ಯೋಳ್ಕಳಕೆ ಇದೊಂದು ಸಿಕ್ತು ನಂಗೆ."

"ಕೇಳುಸ್ತಾ?" ಅಂದ ಕೆಂಪರಾಜು. "ಸಭೇಲಿ ನನ್ನ ಮಾನ ಓದ್ರೆ ಓಗ್ಲಿ. ಅವಳ ಮೊಕ ಎಂಗ್ ನೋಡ್ಲಿ ಯೋಳಿ? ಅದ್ರ ಮ್ಯಾಲೆ ಕೂತಿದ್ದೆ ಅಂತ ಗೊತ್ತಾದ್ರೆ ನನ್ ಕತೆ ಅಷ್ಟೇಯ."

ಸರಿ, ಓದಿಯೇ ಬಿಡೋಣ ಅಂತ ತೀರ್ಮಾನವಾಯಿತು. ಒಂದು ವಾರ ಟೈಮಿತ್ತು. ಮೊದಲ ದಿನ ಕನ್ನಡಕ ಹುಡುಕಿದ. ಎರಡನೆಯ ದಿನ ಮೊದಲ ಪುಟದ ಮೇಲೆ ನಿದ್ದೆ ಹೋದ. ಮೂರು, ನಾಲ್ಕು, ಐದನೆಯ ದಿನವೂ ಅದೇ ಪುಟ, ಅದೇ ನಿದ್ದೆ. ಕೂತು ಕೂತು ಪುಸ್ತಕಕ್ಕೂ ಇವನಿಗೂ ವಿಶ್ರಾಂತಿಯೇ ಅಭ್ಯಾಸವಾಗಿತ್ತೇನೋ. ಶುಕ್ರವಾರ ಬೆಳಿಗ್ಗೆ ಮುಖಕ್ಕೆ ತಣ್ಣೀರು ಹಾಕಿಕೊಂಡು, "ಇವತ್ತು ಐವತ್ತು ಪುಟ" ಅಂತ ಬಂದು ನೋಡುತ್ತಾನೆ, ಟೀಪಾಯಿಯ ಮೇಲೆ ಪುಸ್ತಕವಿಲ್ಲ!

ಎಲ್ಲಿತ್ತು? ದೇವರ ಮುಂದೆ. ಅವತ್ತು ಸರಸ್ವತಿ ಪೂಜೆ. ದೊಡ್ಡತಾಯಮ್ಮ ಲೈಬ್ರರಿ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ಸೇವಂತಿಗೆ ಇಟ್ಟು, ಪಕ್ಕದಲ್ಲಿ ಎರಡು ಕೋಡುಬಳೆ ನೈವೇದ್ಯ ಮಾಡಿದ್ದಳು.

"ಲೇ, ನಾಳೆ ಅದ್ರ ಪಂದ್ಯ ಕಣೆ! ನೋಡ್ಕಬೇಕು!"

"ಪೂಜೆಗಿಟ್ಟಿದ್ದ ಪುಸ್ತಕ ಓದ್ತಾರಾ? ಯಾರಾರ ಕೇಳುದ್ರೆ ನಗಾಡ್ತರೆ. ವಿಜಯದಶಮಿ ದಿನ್ವೇ ತಗಿಯದು. ಮೂರ್ ಸತಿ ಓದಿದ್ದೀರಲ್ಲ, ನಾಕ್ನೇ ಸತಿ ಯಾಕೆ?"

ವಿಜಯದಶಮಿ ಮಂಗಳವಾರ. ಪಂದ್ಯ ಶನಿವಾರ.

ಪಂದ್ಯ ನಡೆದದ್ದು ಹೇವರ್ಡಿನಲ್ಲಿ, ಗೋಡೌನುಗಳ ಮಧ್ಯೆ ಇರುವ ಒಂದು ಹಾಲಿನಲ್ಲಿ. ಎಂಬತ್ತು ಜನ ಸೇರಿದ್ದರು. ಮೊದಲ ಎರಡು ಸಾಲು ಪೂರ್ತಿ ಅಜ್ಜಿಯರು, ರೇಷ್ಮೆ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ಮೊದಲು ಜಯರಾಮ ಎದ್ದ. ಅವನ ಕಾದಂಬರಿ ಹಿಮದ ಮೇಲೆ ಹಾಕಿ ಆಟ ಆಡುವವರದ್ದು. ಪುಸ್ತಕವನ್ನು ತಲೆಯ ಮೇಲೆತ್ತಿ ಹಿಡಿದು ಅವನು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಹೇಳುತ್ತೇನೆ, ಕೇಳಿ:

"ಫ್ರೆಂಡ್ಸ್, ಮುನ್ನೂರ ನಲವತ್ತು ಪುಟ, ತುಂಬಾ ಸ್ಪೇಶಿಯಸ್ಸು. ಓಪನಿಂಗು ನೇರ ಪೂರ್ವಕ್ಕೆ, ಸೂರ್ಯೋದಯದಲ್ಲೇ ಕಥೆ ಶುರು. ಅಕ್ಕಪಕ್ಕದ ಕ್ಯಾರೆಕ್ಟರುಗಳೆಲ್ಲ ಡೀಸೆಂಟ್ ಜನ. ಇಂಥದ್ದು ಮತ್ತೆ ಮಾರ್ಕೆಟ್ಟಿಗೆ ಬರಲ್ಲ!"

ಚಪ್ಪಾಳೆ ಬಿತ್ತು. ನಾನೇನು ಇಲ್ಲ ಅನ್ನುವುದಿಲ್ಲ. ಆಮೇಲೆ ಮಾಧುರಿ ಕೆಂಪರಾಜುವಿನ ಕಡೆ ತಿರುಗಿದಳು. "ಅಂಕಲ್, ನಿಮ್ಮ ಪುಸ್ತಕ ಎಲ್ಲಿ? ಕಥೆ ಸ್ವಲ್ಪ ಹೇಳಿ."

ಕೆಂಪರಾಜು ಎದ್ದು ನಿಂತ. ಬೆವರು ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯುವುದು ನನಗೆ ಕಾಣುತ್ತಿತ್ತು. ಕೊನೆಗೆ, "ಪುಸ್ತಕ ಪೂಜೇಲದೆ" ಅಂದ.

"ಅಂದ್ರೆ?"

"ಸರಸ್ವತಿ ಪೂಜೆಗಿಟ್ಟಿದ್ದೀವಿ. ವಿಜಯದಶಮಿಗಂಟ ಅದನ್ನ ಮುಟ್ಟಂಗಿಲ್ಲ. ಮುಟ್ಟಂಗಿಲ್ಲ ಅಂದ ಮ್ಯಾಕೆ ಅದರ ಇಷ್ಯ ಬಾಯಲ್ಲಿ ಎತ್ತದು ಎಂಗೆ?"

ಮೊದಲ ಸಾಲಿನಿಂದ ಒಬ್ಬರು ಅಜ್ಜಿ, "ಹೌದಲ್ಲ ಮತ್ತೆ!" ಅಂದರು. ಇನ್ನೊಬ್ಬರು, "ಈ ದೇಶದಲ್ಲೂ ಇಂಥೋರಿದ್ದಾರಲ್ಲ" ಅಂತ ಕಣ್ಣೊರೆಸಿಕೊಂಡರು. ಮೂರನೆಯ ಅಜ್ಜಿ ನಿಧಾನವಾಗಿ ಜಯರಾಮನ ಕಡೆ ತಿರುಗಿದರು.

"ಅಲ್ಲಪ್ಪಾ, ಹಬ್ಬದ ದಿನ ನೀನು ಪುಸ್ತಕ ಕೈಲಿ ಹಿಡ್ಕೊಂಡು ಬಂದಿದ್ದೀಯಲ್ಲ? ನಿಮ್ಮನೇಲಿ ಪೂಜೆ ಗೀಜೆ ಇಲ್ವಾ?"

"ಅಜ್ಜಿ, ಇದು ಡಿಬೇಟು, ರೂಲ್ಸ್ ಪ್ರಕಾರ..."

"ಕ್ಯಾಲೆಂಡರಲ್ಲಿ ಮಾತ್ರ ದೇವರ ಕೆಳಗೆ ಫೋಟೋ!"

ಗದ್ದಲವಾಯಿತು. ಯಾರೋ ದಾವೂದ್ ಸಾಹೇಬರನ್ನು ಕೇಳಿದರು, "ಮೇಷ್ಟ್ರೇ, ನಿಮ್ಮದೆಲ್ಲಿ?" ಸಾಹೇಬರು ಖಾಲಿ ಕೈ ತೋರಿಸಿದರು. "ನಾನು ಪುಸ್ತಕ ತಂದೇ ಇಲ್ಲ ತಾಯಿ, ಎಲ್ಲಾ ತಲೇಲಿದೆ." "ನೋಡಿ, ನೋಡಿ ಕಲೀಬೇಕು!" ಅಂತ ಅಜ್ಜಿಯರೆಲ್ಲ ಜಯರಾಮನ ಮೇಲೆ ಮತ್ತೊಮ್ಮೆ ಬಿದ್ದರು. ಕೈ ಎತ್ತಿಸಿದಾಗ ಅರವತ್ತೊಂದು ಮತದಿಂದ ಜಯರಾಮ ಔಟು. ಅರವತ್ತೊಂದು, ಜಯರಾಮ. ನೆನಪಿದೆ ನನಗೆ. ಪೂಜೆಯಲ್ಲಿದ್ದ ಪುಸ್ತಕಕ್ಕೆ ಗೌರವ ಕೊಟ್ಟು ಫೈನಲ್ಲನ್ನು ಮುಂದಿನ ಶನಿವಾರಕ್ಕೆ ಹಾಕಿದರು.

ಮನೆಗೆ ಬರುವಾಗ ಫ್ರೀವೇ ಉದ್ದಕ್ಕೂ ಕೆಂಪರಾಜು ಗೆದ್ದೆ ಗೆದ್ದೆ ಅಂತ ಕುಣಿಯುತ್ತಿದ್ದ. ವಿಜಯದಶಮಿಯ ದಿನ ಏನು ಮಾಡುತ್ತಾರೆ ಎಂಬುದು ಅವನಿಗೆ ಮರೆತೇ ಹೋಗಿತ್ತು. ಅವತ್ತು ಪೂಜೆಯಿಂದ ಪುಸ್ತಕ ತೆಗೆದು, ಒಂದು ಪುಟವಾದರೂ ಗಟ್ಟಿಯಾಗಿ ಓದಬೇಕು.

ಮಂಗಳವಾರ ನಾನು ಹೋದಾಗ ಚಾಪೆ ಹಾಸಿತ್ತು. ದೊಡ್ಡತಾಯಮ್ಮ ಎದುರಿಗೆ ಕೂತಿದ್ದಳು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಆದರೆ ಕಥೆ ಕೇಳುವುದರಲ್ಲಿ ಅವಳ ಕಿವಿ ಬಲು ಚುರುಕು. "ಓದಿ, ಓದ್ತಾ ಓದ್ತಾ ಕನ್ನಡದಲ್ಲಿ ಅರ್ತ ಯೋಳಿ" ಅಂದಳು. ಕೆಂಪರಾಜು ತಡವರಿಸುತ್ತಾ ಓದಿದ. ಕೆನಡಾದ ಪೂರ್ವದ ತುದಿಯಲ್ಲಿ ಒಂದು ದ್ವೀಪ. ಸಮುದ್ರ ಹೆಪ್ಪುಗಟ್ಟಿದೆ. ಅದರ ಮೇಲೆ ನಡೆದು ಟಪಾಲು ಹಂಚುವ ಒಬ್ಬ ಹೆಂಗಸು. ಗಂಡ ಮೀನಿಗೆ ಹೋದವನು ಬಂದಿಲ್ಲ.

"ಆಮ್ಯಾಕೆ?" ಅಂದಳು ದೊಡ್ಡತಾಯಮ್ಮ.

"ಪುಟ ಮುಗೀತು."

"ಮುಂದಿನ ಪುಟ ನೋಡ್ದೆ ಯೋಳಿ. ಆ ಗಂಡ ಬತ್ತನಾ ಇಲ್ವಾ?"

"ಬರಬೋದು."

"ಬರಬೋದಾ? ಮೂರ್ ಸತಿ ಓದಿದ್ದೀರಿ, ಬಂದ್ನೋ ಇಲ್ವೋ ಗೊತ್ತಿಲ್ವಾ?"

ಕೆಂಪರಾಜು ನನ್ನ ಕಡೆ ನೋಡಿದ. ನಾನು ದೀಪದ ಬತ್ತಿ ನೋಡುತ್ತಿದ್ದೆ. ಅಷ್ಟೇ, ಅವನು ಎಲ್ಲವನ್ನೂ ಕಕ್ಕಿದ. ಓದಿಲ್ಲ, ಬೆಂಚು, ಇಬ್ಬನಿ, ಒಂದು ಕೆ.ಜಿ. ಇನ್ನೂರು ಗ್ರಾಂ, ಕೂತದ್ದು.

ದೊಡ್ಡತಾಯಮ್ಮ ಪುಸ್ತಕ ನೋಡಿದಳು, ಗಂಡನ ಹಿಂಭಾಗ ನೋಡಿದಳು, ದೇವರನ್ನು ನೋಡಿದಳು. "ಏಳಿ ಮ್ಯಾಕೆ. ಕಿವಿ ಇಡ್ಕಳಿ. ಇಪ್ಪತ್ತೊಂದು ಬಸ್ಕಿ."

ಎಪ್ಪತ್ತೊಂದು ವರ್ಷದ ಮನುಷ್ಯ, ಅಮೆರಿಕದ ನೆಲದ ಮೇಲೆ, ಕೆನಡಾದ ಕಾದಂಬರಿಯ ಮುಂದೆ ಇಪ್ಪತ್ತೊಂದು ಬಸ್ಕಿ ಹೊಡೆದ. ನಾನು ಎಣಿಸಿದೆ. ನನಗೂ ಮೂರು ಬಿತ್ತು, ಆ ಅಂಚಿನಲ್ಲಿ ಕೂತದ್ದಕ್ಕೆ.

"ಈಗ ಕೂತ್ಕಂಡು ಓದಿ," ಅಂದಳು. "ಊರ್ಗೆಲ್ಲಾ ಯೋಳ್ಬುಟ್ಟಿದ್ದೀನಿ, ನನ್ ಮಾತು ಸುಳ್ಳಾಗಕೂಡ್ದು. ಶನಿವಾರ ಅಲ್ಲೋಗಿ ಸುಳ್ಳು ಯೋಳಿದ್ರೆ ಮಾತ್ರ ನಾನು ಬರಕಿಲ್ಲ."

ನಾಲ್ಕು ದಿನ ಆ ಮನೆಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಅವನು ಓದುವುದು, ಅರ್ಥ ಹೇಳುವುದು, ಅವಳು ಅವರೆಕಾಳು ಸುಲಿಯುತ್ತಾ "ಆಮ್ಯಾಕೆ?" ಅನ್ನುವುದು. ಅವನು ತೂಕಡಿಸಿದರೆ ಒಂದು ಕಾಳು ಹಣೆಗೆ ಬಂದು ಬೀಳುತ್ತಿತ್ತು. ಗೊತ್ತಾಗದ ಮಾತಿಗೆ ಹರ್ಷಿತಾಳ ಆಫೀಸಿಗೇ ಫೋನು. ಅವಳು ಮೀಟಿಂಗಿನಿಂದ ಎದ್ದು ಬಂದು ಅರ್ಥ ಹೇಳಬೇಕು. ಶನಿವಾರದ ಹೊತ್ತಿಗೆ ನೂರ ನಾಲ್ಕನೇ ಪುಟ; ಗುರುತಿಗೆ ಪೂಜೆಯ ಸೇವಂತಿಗೆಯ ಎಸಳು ಇಟ್ಟರು.

ಫೈನಲ್ಲಿಗೆ ನೂರ ಐವತ್ತು ಜನ. ದಾವೂದ್ ಸಾಹೇಬರು ಮೊದಲು ಮಾತಾಡಿದರು. ಏನು ಮಾತು! ಒಂದು ಹಡಗಿನ ಕಥೆ, ಇಪ್ಪತ್ತೈದು ನಿಮಿಷ, ಹುಟ್ಟಿನಿಂದ ಕೊನೆಯವರೆಗೆ. ಹಡಗು ಮುಳುಗಿತು, ಎಲ್ಲರೂ ಸತ್ತರು. ಜನ ಅತ್ತರು, ಕಣ್ಣೊರೆಸಿಕೊಂಡರು, ತೃಪ್ತಿಯಾಗಿ ಬೋಂಡಾದ ಕಡೆ ನೋಡಿದರು.

ಕೆಂಪರಾಜು ಎದ್ದ. "ನಾನು ಈ ಪುಸ್ತಕ ಮೂರ್ ಸತಿ ಓದಿಲ್ಲ. ಆರು ತಿಂಗಳು ಇದ್ರ ಮ್ಯಾಲೆ ಕೂತಿದ್ದೆ."

ಒಬ್ಬರು ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡರು. ಮಾಧುರಿ ಮೈಕು ಕಿತ್ತುಕೊಂಡು, "ಅಂಕಲ್, ಅದು ಮೆಟಾಫರು ತಾನೆ?" ಅಂದಳು.

"ಇಲ್ಲಮ್ಮ. ಬೆಂಚು ಒದ್ದೆ."

ದಾವೂದ್ ಸಾಹೇಬರ ಬಾಯಿ ತೆರೆದೇ ಇತ್ತು. ಜಯರಾಮ ಹಿಂದಿನ ಸಾಲಿನಲ್ಲಿ ಎದ್ದು ನಿಂತು, "ಡಿಸ್‌ಕ್ವಾಲಿಫೈ! ಡಿಸ್‌ಕ್ವಾಲಿಫೈ!" ಅಂತ ಕೂಗಿದ. ಕೂಗಲಿಲ್ಲ ಅನ್ನಬೇಡ, ವಿಡಿಯೋ ಇದೆ. ಆಗ ದೊಡ್ಡತಾಯಮ್ಮ ಸೆರಗು ಬಿಗಿದುಕೊಂಡು ಸ್ಟೇಜ್ ಹತ್ತಿದಳು.

"ಅವ್ರಿಗೆ ಬಸ್ಕಿ ಆಗದೆ, ಆ ಇಷ್ಯ ಬುಡಿ. ಕತೆ ನಾನ್ ಯೋಳ್ತೀನಿ."

ಹೇಳಿದಳು ನೋಡಿ! ಆ ಟಪಾಲಿನ ಹೆಂಗಸನ್ನು ನಮ್ಮ ಪಕ್ಕದ ಮನೆಯವಳ ಹಾಗೆ ತಂದು ನಿಲ್ಲಿಸಿದಳು. ಹಿಮದ ಮೇಲೆ ಕಾಲು ಜಾರುವುದನ್ನು ಜಾರಿಯೇ ತೋರಿಸಿದಳು. "ಅವಳ ಚೀಲದಾಗೆ ಒಂದು ಕಾಗದ. ಯಾರದೋ ಹೆಸ್ರಿಗೆ ಬಂದದೆ, ಅಕ್ಷರ ಮಾತ್ರ ತನ್ ಗಂಡಂದೇ. ಒಡೀಬಾರ್ದು ಕನ್ರವ್ವಾ, ಸರ್ಕಾರಿ ಕೆಲ್ಸ. ಒಡೆದ್ಲು. ಓದುದ್ಲು. ಮಡಚಿ ಇಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಲು. ಕೈ ಒರೆಸ್ಕತಾವ್ಳೆ, ಬಾಗ್ಲು ಯಾರೋ ತಟ್ಟುದ್ರು."

ಅಷ್ಟು ಹೇಳಿ ಮೈಕನ್ನು ಮಾಧುರಿಗೆ ಕೊಟ್ಟುಬಿಟ್ಟಳು.

"ಆಮ್ಯಾಕೆ?" ಅಂತ ಇಡೀ ಹಾಲು ಕೂಗಿತು. ಮೈಸೂರಿನವರು, ಹಾಸನದವರು, ಹುಬ್ಬಳ್ಳಿಯವರು, ಎಲ್ಲರೂ "ಆಮ್ಯಾಕೆ?"

"ನಂಗೇನ್ ಗೊತ್ತು? ಅಲ್ಲಿಗಂಟಲೇ ಓದಿರದು."

ದಾವೂದ್ ಸಾಹೇಬರೇ ಮೊದಲು ಕೈ ಎತ್ತಿದರು, ಅವಳ ಪುಸ್ತಕದ ಪರವಾಗಿ. "ನಂದು ಕೊನೇವರೆಗೂ ಹೇಳಿಬಿಟ್ಟೆ ತಾಯಿ, ಇನ್ಯಾರು ಓದ್ತಾರೆ?" ಅಂದರು. ನೂರ ಮೂವತ್ತೆರಡು ಮತ.

ಸಂತೋಷ ಒಂದೇ ದಿನ. ಸೋಮವಾರ ಬೆಳಿಗ್ಗೆ ಹರ್ಷಿತಾ ಆಫೀಸಿಗೆ ಹೋಗುವಾಗ, ಡ್ಯೂ ಆಗಿದೆ ಅಂತ ಪುಸ್ತಕವನ್ನು ಪುಸ್ತಕ ವಾಪಸ್ ಹಾಕುವ ಲೈಬ್ರರಿಯ ಡಬ್ಬಕ್ಕೆ ಹಾಕಿ ಹೋಗಿಬಿಟ್ಟಳು! ನಾನೂ ಕೆಂಪರಾಜುವೂ ಓಡಿದೆವು. ಕೌಂಟರಿನ ಹುಡುಗಿ ರಟ್ಟಿನ ಮೇಲಿನ ಕುಂಕುಮ ನೋಡಿ ಗ್ಲೌಸು ಹಾಕಿಕೊಂಡಿದ್ದಳು.

"ಸರ್, ಈಸ್ ದಿಸ್ ಬ್ಲಡ್?"

"ನೋ, ನೋ. ಗಾಡೆಸ್," ಅಂದ ಕೆಂಪರಾಜು.

ಅವಳು 'ಕಲೆ ಗಮನಿಸಲಾಗಿದೆ' ಅಂತ ಚೀಟಿ ಅಂಟಿಸಿದಳು. ಪುಸ್ತಕ ವಾಪಸ್ ಕೊಡಲಿಲ್ಲ. ಶನಿವಾರ ರಾತ್ರಿಯೊಳಗೇ ಮೂವತ್ತೊಂದು ಜನ ಅದಕ್ಕೆ ಹೆಸರು ಬರೆಸಿದ್ದರು, ನೂರ ಐವತ್ತು ಕನ್ನಡಿಗರ ಪೈಕಿ. ಆರು ತಿಂಗಳು ಯಾರೂ ಮೂಸಿ ನೋಡದ ಪುಸ್ತಕ! ದೊಡ್ಡತಾಯಮ್ಮನ ನಂಬರು ಮೂವತ್ತೆರಡು. ಬೇರೆ ಯಾರಾದರೂ ಮುಂದಿನ ಕಥೆ ಹೇಳಲು ಹೋದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಾಳೆ. "ಅವ್ರೇ ಓದಿ ಯೋಳ್ಬೇಕು" ಅನ್ನುತ್ತಾಳೆ. ಈಗ ಅವಳೂ ದಿನಾ ನಮ್ಮ ಜೊತೆ ಪಾರ್ಕಿಗೆ ಬರುತ್ತಾಳೆ. ಹಳೆಯ ಸೀರೆಯಲ್ಲಿ ಮೂರು ಪುಟ್ಟ ದಿಂಬು ಹೊಲಿದಿದ್ದಾಳೆ, ನನಗೂ ಒಂದು. ಬೆಚ್ಚಗಿದೆ. ಮೂವರೂ ಕೂತು, ಬಾಗಿಲು ತಟ್ಟಿದವರು ಯಾರಿರಬಹುದು ಅಂತ ಜಗಳವಾಡುತ್ತೇವೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಸಾಲಿನಲ್ಲಿ ಮೊದಲನೆಯ ಹೆಸರು ಯಾರದು ಗೊತ್ತೇ? ಜಯರಾಮನದು. ಹಿಂದಿನ ಸಾಲಿನಲ್ಲಿ ಡಿಸ್‌ಕ್ವಾಲಿಫೈ ಅಂತ ಕೂಗಿದವನು, ಕಥೆ ಕೇಳಿದ ಕೂಡಲೆ ಅಲ್ಲೇ ಫೋನಿನಲ್ಲಿ ಹೆಸರು ಬರೆಸಿದ್ದಾನೆ. ಐದು ವಾರವಾಯಿತು, ಪುಸ್ತಕ ವಾಪಸ್ ಬಂದಿಲ್ಲ. ನಿನ್ನೆ ನಾನು ಕಣ್ಣಾರೆ ಕಂಡೆ: ಇವನ ಕಾರಿನ ಮುಂದಿನ ಸೀಟಿನಲ್ಲಿ ನೀಲಿ ರಟ್ಟು, ಕುಂಕುಮದ ಗುರುತು, ನೂರ ನಾಲ್ಕನೇ ಪುಟದಿಂದ ಇಣುಕುವ ಒಣಗಿದ ಸೇವಂತಿಗೆಯ ಎಸಳು, ಅದರ ಮೇಲೆ ಇವನ ಕಾಫಿ ಲೋಟ! ನಾನು ನೋಡಿದ್ದನ್ನು ಇವನು ನೋಡಿದ. ಸಂಜೆಗೆ ಗ್ರೂಪಿನಲ್ಲಿ ಗುರುಶಾಂತಪ್ಪನವರಿಗೆ ನೆನಪಿಲ್ಲ ಅಂತ ಬರೆದ.

ಆದ್ದರಿಂದ ದಯವಿಟ್ಟು ಈ ಕಥೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಫ್ರೀಮಾಂಟಿಗೆ, ಹೇವರ್ಡಿಗೆ, ಪ್ಲೆಸೆಂಟನ್ನಿಗೆ, ಗೊತ್ತಿರುವವರಿಗೆಲ್ಲ ಕಳಿಸಿ. ಎಲ್ಲರಿಗಿಂತ ಮೊದಲು ಜಯರಾಮನ ಹೆಂಡತಿಗೆ ಕಳಿಸಿ. ಅವಳ ನಂಬರು ಅವನಿಗೆ ಬರುವುದಿಲ್ಲ, ನನ್ನನ್ನು ಕೇಳಿ; ಬಾಯಿಪಾಠವಿದೆ.